ಎಣ್ಣೆ ಬಿಡದ ತಾರ್ಲಿ

ಬೈಲಹೊಂಗಲದ ಸಂತೆಯಲ್ಲಿ ಲಗಮವ್ವನ ಜಾಗ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೂಗು ಕರೆದುಕೊಂಡು ಹೋಗುತ್ತದೆ. ಮೆಣಸಿನಕಾಯಿಯವರ ಸಾಲು ಮುಗಿದ ಮೇಲೆ ಒಣಮೀನಿನವರು. ಅವರಲ್ಲಿ ಕೊನೆಯ ತಾಡಪತ್ರಿ ಅವಳದು. ಅಲ್ಲಿಂದ ಮುಂದೆ ವಾಸನೆಗೆ ಯಾರೂ ಕೂರುವುದಿಲ್ಲ. ಕೂತವಳಿಗೆ ಆ ವಾಸನೆ ಗೊತ್ತಾಗುವುದು ನಿಂತೇ ಎಷ್ಟೋ ವರ್ಷವಾಯಿತು.

ತಾಡಪತ್ರಿಯ ಬಲಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ಅವಳ ಗಂಡ ಶಟ್ಟೆಪ್ಪ ಕೂರುತ್ತಿದ್ದ. ಹೋದ ಮಳೆಗಾಲದಲ್ಲಿ ಎದೆ ನೋವು ಅಂದ, ನೀರು ಕೇಳಿದ, ನೀರು ತರುವಷ್ಟರಲ್ಲಿ ಹೋದ. ಆ ಜಾಗದಲ್ಲಿ ಯಾರಾದರೂ ಬುಟ್ಟಿ ಇಟ್ಟರೆ ಲಗಮವ್ವ ಮಾತಾಡುವುದಿಲ್ಲ. ಕಾಲಿನಿಂದ ಸರಿಸುತ್ತಾಳೆ.

ಅವಳು ಸಂಪಗಾಂವದವಳು. ಎರಡನೇ ಇಯತ್ತೆ ತನಕ ಶಾಲೆಗೆ ಹೋದಳು. ಹೆಸರು ಬರೆಯಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಅಷ್ಟೆ. ಮದುವೆಯಾಗಿ ಬಂದಾಗ ಶಟ್ಟೆಪ್ಪನ ಹತ್ತಿರ ಒಂದು ಸೈಕಲ್ಲು ಇತ್ತು, ಸೈಕಲ್ಲಿನ ಹಿಂದೆ ಒಂದು ಬುಟ್ಟಿ ಇತ್ತು. ಕಿತ್ತೂರು, ಮುನವಳ್ಳಿ, ಸವದತ್ತಿ, ಎಲ್ಲಿ ಸಂತೆಯೋ ಅಲ್ಲಿ ಅವನು. ಆಮೇಲೆ ಬೈಲಹೊಂಗಲದಲ್ಲೇ ಜಾಗ ಸಿಕ್ಕಿತು. ಹೆಂಡತಿಯನ್ನು ಜಾಗದಲ್ಲಿ ಕೂರಿಸಿ ತಾನು ಮಾಲು ತರಲು ಘಟ್ಟ ಇಳಿಯತೊಡಗಿದ. ಅಂಕೋಲೆಯ ಹತ್ತಿರ ಗಣಪಿ ಎಂಬ ಹೆಂಗಸು. ಸಮುದ್ರದ ದಂಡೆಯಲ್ಲೇ ಮನೆ, ಮನೆಯ ಮುಂದೆ ಮೀನು ಒಣಗಿಸುವ ಅಂಗಳ. ಅವನು ಮಾಲು ತಂದದ್ದು ಸಾಯುವ ತನಕ ಅವಳ ಹತ್ತಿರವೇ.

ಲಗಮವ್ವ ಗಣಪಿಯನ್ನು ನೋಡಿರಲಿಲ್ಲ. ಸಮುದ್ರವನ್ನೂ ನೋಡಿರಲಿಲ್ಲ. ಸಮುದ್ರದ ಮೀನು ಮಾರಿ ಮಗಳನ್ನು ಓದಿಸಿದಳು, ಮನೆಗೆ ತಗಡು ಹೊದಿಸಿದಳು, ಆದರೆ ಸಮುದ್ರ ಎಂದರೆ ಅವಳಿಗೆ ಒಂದು ಗೋಣಿಚೀಲ. ಚೀಲದ ಬಾಯಿಗೆ ತೆಂಗಿನ ನಾರಿನ ಹಗ್ಗ, ಹಗ್ಗಕ್ಕೆ ಗಣಪಿ ಹಾಕಿದ ಗಂಟು. ಆ ಗಂಟು ಮನೆಯಲ್ಲಿ ಬಿಚ್ಚುವ ಹಾಗಿರಲಿಲ್ಲ. ಸಂತೆಗೆ ತಂದು ನಾಲ್ಕು ಮಂದಿಯ ಎದುರು ಬಿಚ್ಚಬೇಕು. ಮನೆಯಲ್ಲಿ ಬಿಚ್ಚಿದರೆ ಒಳ್ಳೆಯದು ತೆಗೆದಿಟ್ಟು ಕೆಟ್ಟದ್ದು ತಂದಿದ್ದಾರೆ ಅನ್ನುತ್ತಾರೆ. ಗಣಪಿಯ ಅಂಗಳದಲ್ಲಿ ಒಮ್ಮೆ ಗಂಟು ಹಾಕಿದ ಮೇಲೆ ಅಲ್ಲೂ ಬಿಚ್ಚಿ ನೋಡುವ ಹಾಗಿಲ್ಲ. ನೋಡಿದರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. ಶಟ್ಟೆಪ್ಪ ಈ ಎರಡೂ ಕಟ್ಟಳೆ ಮುರಿದವನಲ್ಲ.

ಇನ್ನೊಂದು ಕಟ್ಟಳೆ ಅವನೇ ಮಾಡಿಕೊಂಡದ್ದು. ತಾರ್ಲಿಯನ್ನು ಎಣಿಸಿ ಮಾರಬೇಕು. ತಕ್ಕಡಿ ಬೇಡ. "ತೂಗಾಂವ ಉಪ್ಪನ್ನೂ ತೂಗತಾನ, ನನಗ ಅದು ಬ್ಯಾಡ" ಅನ್ನುತ್ತಿದ್ದ. ಲಗಮವ್ವ ಐದೈದರಂತೆ ಬೆರಳ ಸಂದಿಯಲ್ಲಿ ಹಿಡಿದು, ಗಿರಾಕಿಯ ಕಣ್ಣ ಮುಂದೆ ಹಿಡಿದು, ಪೇಪರಿಗೆ ಹಾಕುತ್ತಿದ್ದಳು.

ತಾರ್ಲಿ ಎಂದರೆ ಗೇಣುದ್ದ ಇಲ್ಲದ, ಬೆಳ್ಳಿ ಬಣ್ಣದ ಮೀನು. ಹಸಿ ಮೀನು ಬೇಕಾದವರು ಮುನವಳ್ಳಿ ಕಡೆಯ ಡ್ಯಾಮಿನ ಮೀನು ತರುತ್ತಾರೆ. ತಾರ್ಲಿ ತಿನ್ನುವವರೇ ಬೇರೆ. ಹೊಲದಿಂದ ಬಂದು, ರೊಟ್ಟಿ ಬೇಯಿಸಿದ ಹಂಚು ಇನ್ನೂ ಬಿಸಿ ಇರುವಾಗಲೇ ಅದರ ಮೇಲೆ ನಾಲ್ಕು ಮೀನು ಇಟ್ಟುಬಿಡುವುದು. ಎಣ್ಣೆ ಹಾಕುವುದಿಲ್ಲ. ಮೀನೇ ಎಣ್ಣೆ ಬಿಡುತ್ತದೆ. ತನ್ನ ಎಣ್ಣೆಯಲ್ಲಿ ತಾನೇ ಚುರುಚುರು ಅನ್ನುತ್ತದೆ. ಆ ಎಣ್ಣೆಗೆ ರೊಟ್ಟಿ ಒತ್ತಿ ತಿಂದವನು ಮತ್ತೆ ಸಂತೆಗೆ ಬರುತ್ತಾನೆ. ಶಟ್ಟೆಪ್ಪನ ತಾರ್ಲಿಗೆ ಹೆಸರು ಇದ್ದದ್ದು ಈ ಎಣ್ಣೆಗೆ.

ಅವನು ಸತ್ತು ಮಳೆ ನಿಂತು, ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿದ ಮೇಲೆ, ಮೊದಲ ಚೀಲ ಬಂತು. ತಂದವನು ಟೆಂಪೋದ ಗುರುನಾಥ. ಶಟ್ಟೆಪ್ಪನ ಚೀಲಗಳನ್ನು ಘಟ್ಟ ಹತ್ತಿಸುತ್ತಿದ್ದವನು ಅವನೇ. ಲಗಮವ್ವ ಸಂತೆಯಲ್ಲಿ ಗಂಟು ಬಿಚ್ಚಿದಳು. ಕೈ ಹಾಕಿದಳು. ಕೈಗೆ ಸಿಕ್ಕದ್ದು ಬೀಡಿಯಷ್ಟು ಸಣ್ಣ, ಬೀಡಿಯಷ್ಟೇ ಒಣ.

ಹಣಮಂತಪ್ಪ ಹಳೇ ಗಿರಾಕಿ. ಕರೆಂಟಿನ ಕಂಬ ಹತ್ತಿ ಹತ್ತಿ ಈಗ ಪೆನ್ಷನ್ ತಿನ್ನುವವನು. ಅವನು ಒಂದು ಮೀನನ್ನು ಬಾಲ ಹಿಡಿದು ಎತ್ತಿ ಬಿಸಿಲಿಗೆ ಹಿಡಿದ.

"ಲಗಮವ್ವ, ಇದು ಮೀನೋ, ಮೀನಿನ ಕೂಸೋ?"

"ಮೀನ."

"ಅವ್ವನ್ನ ಕೇಳಿ ತಂದೀಯಿಲ್ಲೋ? ಹಾಲು ಬಿಟ್ಟಂಗ ಕಾಣವಲ್ದು."

ಸುತ್ತಲಿನವರು ನಕ್ಕರು. ಅವನು ಕೆಟ್ಟ ಮನುಷ್ಯನಲ್ಲ. ಆದರೂ ಐದು ಮೀನು ಒಯ್ದವನು ಮುಂದಿನ ಸಂತೆಗೆ ಬಂದು ಇಷ್ಟು ಹೇಳಿ ಹೋದ. "ಹಂಚಿಗೆ ಹತ್ತಿ ಕರಕಾತು ನೋಡು. ಒಂದ ಹನಿ ಎಣ್ಣಿ ಬಿಡಲಿಲ್ಲ. ಶಟ್ಟೆಪ್ಪ ಇದ್ದಾಗ ಇಂಥಾ ಮಾಲು ತರತಿದ್ದಿಲ್ಲ."

ಅದನ್ನು ಕೇಳಿಸಿಕೊಂಡವಳು ಎದುರಿಗೆ ಮೆಣಸಿನಕಾಯಿ ಮಾರುವ ಬಾಯವ್ವ. ಬಾಯವ್ವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ನಿನಗ ಇನ್ನೂ ತಿಳಿಯವಲ್ದೇನ ಬೇ? ಗಂಡ ಇಲ್ಲದಾಕಿ, ಬಂದು ನೋಡಾಕಿ ಅಲ್ಲ, ಕೇಳಾಕಿ ಅಲ್ಲ. ಚೀಲದ ತಳದ್ದು ತುಂಬಿ ಕಳಸ್ಯಾಳ ಆಕಿ. ದಪ್ಪನ್ವು ಮತ್ಯಾರಿಗೋ ಹಾಕ್ಯಾಳ."

ಲಗಮವ್ವ ಮೀನಿನ ಮೇಲೆ ಗೋಣಿ ಎಳೆದಳು. ಆದರೆ ಆ ಮಾತು ಒಳಗೆ ಹೋಗಿ ಕೂತಿತು. ಅದಕ್ಕೆ ಕಾರಣವೂ ಇತ್ತು. ಗಂಡ ಸತ್ತ ಮೇಲೆ ಅವಳು ನೋಡಿದ್ದೆಲ್ಲ ಹೀಗೇ. ಸಂತೆಯಲ್ಲಿ ಪಕ್ಕದವರು ಅವಳ ಜಾಗವನ್ನು ಒಂದು ಗೇಣು ಒತ್ತಿಕೊಂಡರು. ಆಟೋದವನು ಅವಳ ಬುಟ್ಟಿಯನ್ನು ಕೊನೆಗೆ ಇಳಿಸತೊಡಗಿದ. ಮೈದುನ ಮನೆಗೆ ಬಂದರೆ ಚಹಾ ಕುಡಿಯುವಾಗ ಗೋಡೆ ನೋಡುತ್ತಾನೆ, ಎಷ್ಟು ಅಡಿ ಇದೆ ಅಂತ. ಎಲ್ಲರೂ ಅವಳಿಗೆ ಸಣ್ಣ ಅಳತೆ ಹಿಡಿದಿದ್ದರು. ಗಣಪಿಯೂ ಹಿಡಿದಳು ಅಂದುಕೊಳ್ಳುವುದು ಕಷ್ಟವಾಗಲಿಲ್ಲ.

ಅದರ ಮೇಲೆ ಇನ್ನೊಂದು ಇತ್ತು. ಶಟ್ಟೆಪ್ಪ ಸತ್ತಾಗ ಮಾತಾಡಿಸಲು ಯಾರು ಬರಲಿಲ್ಲ? ಸವದತ್ತಿಯಿಂದ ಬಂದರು, ರಾಮದುರ್ಗದಿಂದ ಬೀಗರು ಬುತ್ತಿ ಕಟ್ಟಿಕೊಂಡು ಬಂದರು, ಸೈಕಲ್ಲಿನ ಕಾಲದ ಗಿರಾಕಿಗಳು ಕಿತ್ತೂರಿನಿಂದ ಬಂದು ಬಾಗಿಲಲ್ಲಿ ಕೂತು ಎದ್ದು ಹೋದರು. ಸತ್ತ ಮನೆಗೆ ಮಾತಾಡಿಸಲು ಬರುವುದು ಅಂದರೆ ಮಾತು ಬೇಕೇ ಆಗಿಲ್ಲ. ಬಂದು ಕೂತರೆ ಸಾಕು. ಗಣಪಿ ಬರಲಿಲ್ಲ. ಅಷ್ಟು ವರ್ಷ ಅವಳ ಅಂಗಳದ ಅನ್ನ ತಿಂದು ಬಂದ ಮನುಷ್ಯ. ಗುರುನಾಥನ ಕೈಯಲ್ಲಿ ಒಂದು ಮಾತು ಕೂಡ ಬರಲಿಲ್ಲ.

ಎರಡನೇ ಚೀಲವೂ ಅಂಥದ್ದೇ. ಮೂರನೆಯದನ್ನು ಗುರುನಾಥ ಮನೆಯ ಮುಂದೆ ಇಳಿಸುವಾಗ ಲಗಮವ್ವ ಹೊರಗೆ ಬಂದು, ಓಣಿಯಲ್ಲೇ, ಅವನ ಎದುರಿನಲ್ಲೇ, ಗಂಟು ಬಿಚ್ಚಿದಳು. ಗುರುನಾಥ ಕೈ ಅಡ್ಡ ತಂದ.

"ಅಕ್ಕಾ, ಇಲ್ಲಿ ಬಿಚ್ಚಬ್ಯಾಡ. ಅಣ್ಣ ಒಂದಿನ ಬಿಚ್ಚಿಲ್ಲ."

"ಅಣ್ಣ ಇಲ್ಲ."

ಒಂದು ಹಿಡಿ ತೆಗೆದಳು, ನೋಡಿದಳು, ತಿರುಗಿ ಚೀಲಕ್ಕೇ ಎಸೆದಳು.

"ಹೊಳ್ಳಿ ಒಯ್ಯಿ. ಆಕಿಗೆ ಹೇಳು. ಲಗಮವ್ವನ ಗಂಡ ಸತ್ತಾನ, ಲಗಮವ್ವನ ಕಣ್ಣ ಇನ್ನೂ ಅದಾವು ಅಂತ ಹೇಳು."

"ಸಿಟ್ಟಿನ್ಯಾಗ ಕಳಸಬ್ಯಾಡ. ನಾಳೆ ಬಂದು ಕೇಳತೇನಿ, ಆವಾಗ ಹೇಳು."

"ನಾಳೇನೂ ಇದನ್ನ ಹೇಳತೇನಿ."

ಗುರುನಾಥ ಬಿಚ್ಚಿದ ಚೀಲವನ್ನು ತಾನೇ ಕಟ್ಟಿದ. ಅವನ ಗಂಟು ಬೇರೆ ಥರ ಇತ್ತು. ಟೆಂಪೋ ಹೋಯಿತು.

ಆಮೇಲೆ ಸಂತೆಯಲ್ಲಿ ಲಗಮವ್ವನ ಮುಂದೆ ಬರೀ ಸುಕಟ್. ಕೂದಲೆಳೆಯಂಥ ಒಣ ಸಿಗಡಿ, ಬೆಳಗಾವಿಯ ಮಾಲು, ಎಲ್ಲರ ಹತ್ತಿರವೂ ಸಿಗುವಂಥದ್ದು. ತಾರ್ಲಿ ಕೇಳಿ ಬಂದವರು ಇಲ್ಲ ಅಂದರೆ ನಿಲ್ಲಲಿಲ್ಲ. ಮಗಳು ಪ್ರಜ್ಞಾ ರಾಮದುರ್ಗದ ದವಾಖಾನೆಯಲ್ಲಿ ನರ್ಸು. ಅವಳು ದಿನಾ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದಳು. "ಬಿಟ್ಟ ಬಾ ಯವ್ವಾ. ಯಾರಿಗಾಗಿ ಕುಂಡರತಿ ಅಲ್ಲಿ?"

ಯಾರಿಗಾಗಿ ಎಂಬುದಕ್ಕೆ ಲಗಮವ್ವನಿಗೆ ಉತ್ತರ ಗೊತ್ತಿತ್ತು. ಶಟ್ಟೆಪ್ಪ ಎಂಬ ಹೆಸರನ್ನು ಈಗ ಮನೆಯ ಹೊರಗೆ ಯಾರಾದರೂ ಅನ್ನುವುದಿದ್ದರೆ ಅದು ಸಂತೆಯಲ್ಲಿ. ಅವಳು ಎದ್ದರೆ ಆ ಹೆಸರು ಏಳುತ್ತದೆ. ಅದೂ ಹೆಂಡತಿ ಕೆಟ್ಟ ಮಾಲು ಮಾರಿ ಎದ್ದುಹೋದಳು ಅಂತ ಏಳುತ್ತದೆ. ಹಾಗೆ ಏಳಲು ಅವಳಿಗೆ ಮನಸ್ಸಿರಲಿಲ್ಲ. ಕೂತಿರಲು ಮೀನಿರಲಿಲ್ಲ.

ಹೀಗಿರುವಾಗ ಒಂದು ಸಂತೆಯ ಮಧ್ಯಾಹ್ನ, ಮೆಣಸಿನಕಾಯಿಯ ಸಾಲಿನಲ್ಲಿ ಮಂದಿ ಎರಡೂ ಕಡೆ ಸರಿದರು. ಒಬ್ಬ ಹೆಂಗಸು ತಲೆಯ ಮೇಲೆ ಗೋಣಿಚೀಲ ಹೊತ್ತು ನಡುವೆ ಬರುತ್ತಿದ್ದಳು. ದಪ್ಪ ಆಳು. ಬಿಸಿಲಿಗೆ ಸುಟ್ಟ ಕಪ್ಪು. ಸೀರೆಯನ್ನು ಮೊಣಕಾಲ ತನಕ ಎತ್ತಿ ಗಟ್ಟಿ ಉಟ್ಟಿದ್ದಳು. ಮೂಗಿನ ಎರಡೂ ಕಡೆ ನತ್ತು. ಚೀಲವನ್ನು ತಾಡಪತ್ರಿಯ ಮೇಲೆ ದೊಪ್ಪನೆ ಇಳಿಸಿದಳು. ಗಂಟು ನೋಡಿದ ಕೂಡಲೇ ಲಗಮವ್ವನಿಗೆ ಇವಳು ಯಾರು ಅಂತ ಗೊತ್ತಾಯಿತು.

"ನೀನೇ ಅಲ್ದಾ ಲಗಮಕ್ಕ? ನಾನು ಗಣಪಿ."

ನಮ್ಮ ಕಡೆ ವೈರಿ ಬಂದರೂ ಬರ್ರಿ ಅನ್ನುತ್ತಾರೆ, ಕುಂಡ್ರಿ ಅನ್ನುತ್ತಾರೆ. ಲಗಮವ್ವ ಅನ್ನಲಿಲ್ಲ. ನೋಡಿ ನೋಡಿ ಬಾಯವ್ವನೇ ಅಂದಳು. "ಬರ್ರಿ, ಕುಂಡ್ರಿ. ಅಷ್ಟು ದೂರದಿಂದ ಇದನ್ನ ಹೊತ್ತಕೊಂಡ ಬಂದ್ರಿ?"

"ತಲೆ ಮೇಲೆ ಬಂದದ್ದು ಬಸ್ ಸ್ಟ್ಯಾಂಡಿಂದ ಮಾತ್ರ. ಬಸ್ಸಲ್ಲಿ ಹತ್ತಿಸೂಕೆ ಕಂಡಕ್ಟರ್ ಒಪ್ಪಲೇ ಇಲ್ಲ. ನಾನು ಇಳಿಯಲೂ ಇಲ್ಲ. ಧಾರವಾಡ ಬರೂತನಕ ಹಿಂದಿನ ಸೀಟಿನವರೆಲ್ಲ ಮೂಗು ಹಿಡ್ಕಂಡೇ ಬಂದರು. ಒಬ್ಬ ಅಂತೂ ನನಗೇ ಕೇಳ್ದ, ಅಮ್ಮಾ ಇಲ್ಲಿ ಎಂತದೋ ಸತ್ತದೆ ಕಾಣ್ತು ಅಂತ. ಹೌದೋ ತಮ್ಮಾ, ನನ್ನ ಚೀಲದಲ್ಲಿ ಎಲ್ಲವೂ ಸತ್ತದ್ದೇ ಅಂದೆ."

ಬಾಯವ್ವ ನಕ್ಕಳು. ಗಣಪಿ ನಗದೆ ಬಲಗಡೆಯ ಖಾಲಿ ಜಾಗದಲ್ಲಿ ಕೂತಳು. ಅದು ಯಾರ ಜಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಲಗಮವ್ವನ ಕಾಲು ಒಂದು ಸಲ ಆಡಿತು, ಸುಮ್ಮನಾಯಿತು.

ಅಷ್ಟರಲ್ಲಿ ಹಣಮಂತಪ್ಪ ಬಂದು ನಿಂತಿದ್ದ. ಇನ್ನೂ ನಾಲ್ಕು ಮಂದಿ ನಿಂತರು. ಗಣಪಿ ಗಂಟು ಬಿಚ್ಚಿ, ಚೀಲವನ್ನು ಬುಡ ಎತ್ತಿ, ಎಲ್ಲ ಮೀನನ್ನೂ ತಾಡಪತ್ರಿಯ ಮೇಲೆ ಸುರಿದಳು. ಅದೇ ಸಣ್ಣ ಮೀನು. ಒಣ ಎಲೆ ಸುರಿದ ಸಪ್ಪಳ ಬಂತು.

"ಕಾಣು. ನೀ ತಿರುಗಿ ಕಳಿಸಿದ್ದು ಇದೇ ಮೀನು. ನನ್ನ ಮನೇಲಿ ಉಂಬೂದೂ ಇದೇ ಮೀನು. ಗೋಕರ್ಣದ ಗಿರಾಕಿಗೆ ಕೊಟ್ಟದ್ದೂ ಇದೇ."

"ದೊಡ್ಡವು ಯಾರಿಗೆ ಹಾಕಿದಿ?" ಲಗಮವ್ವ ಕೇಳಿದಳು. ಗಣಪಿಯೊಡನೆ ಅವಳು ಆಡಿದ ಮೊದಲ ಮಾತು ಅದು.

"ದೊಡ್ಡದು ಇಲ್ಲ."

"ಹ್ವಾದ ವರ್ಷ ಇದ್ದವು. ಪ್ರಜ್ಞಾನ ಅಪ್ಪ ತಂದಾರ. ನಾನ ಎಣಿಸಿ ಮಾರೇನಿ. ಇವರೆಲ್ಲಾ ತಿಂದಾರ, ಕೇಳ."

ಗಣಪಿ ಅವಳ ಕಡೆ ತಿರುಗಿದಳು.

"ಅವ ನಿನಗೆ ಹೇಳಲೇ ಇಲ್ವಾ?"

"ಏನ ಹೇಳಬೇಕಿತ್ತು?"

"ಮೂರು ವರ್ಷ ಆಯ್ತು ಮಾರಾಯ್ತಿ ತಾರ್ಲಿ ಹೀಂಗೇ ಬರೂಕೆ ಹತ್ತಿ. ಅವ ಬಂದ ಕೂಡಲೇ ನನ್ನ ಅಂಗಳದ ರಾಶಿ ಮುಂದೆ ಕೂತ್ಕಂತಿದ್ದ. ಒಂದೊಂದೇ ಮೀನು ಕೈಯಲ್ಲಿ ತಕೊಂಡು ಆರಿಸ್ತಿದ್ದ. ಒಂದು ರಾಶಿಗೆ ಒಂದು ಹಿಡಿ ದಪ್ಪದ್ದು ಸಿಕ್ಕಿದ್ರೆ ಪುಣ್ಯ. ನನ್ನಲ್ಲಿ ಮುಗಿದ ಮೇಲೆ ಬದಿಯ ಮನೆ ಅಂಗಳ, ಅದರಾಚೆಯ ಅಂಗಳ. ದಂಡೆ ಉದ್ದಕ್ಕೂ ತಿರುಗಿ ಒಂದು ಚೀಲ ತುಂಬಿಸ್ತಿದ್ದ. ಆಮೇಲೇ ನಾನು ಗಂಟು ಹಾಕೂದು. ಬಿಸಿಲಲ್ಲಿ ಕೂರಬೇಡ ಮಾರಾಯ ಅಂದ್ರೆ ಕೇಳ್ತಿರಲಿಲ್ಲ."

ಲಗಮವ್ವನಿಗೆ ನೆನಪಾಯಿತು. ಒಂದು ದಿನದಲ್ಲಿ ತಿರುಗಿ ಬರುತ್ತಿದ್ದ ಗಂಡ ಆ ಮೂರು ವರ್ಷ ಎರಡು ದಿನ, ಮೂರು ದಿನ ಉಳಿಯತೊಡಗಿದ್ದ. "ಅಲ್ಲೇ ಒಂದು ಮನಿ ಮಾಡ್ರಿ, ಬಾಡಿಗಿ ಉಳೀತೈತಿ" ಎಂದು ಅವಳು ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ. ಅವನ ಬೆರಳ ತುದಿಗಳು ಒಡೆದು ಬಿಳಿಚಿಕೊಂಡಿರುತ್ತಿದ್ದವು. ಚೀಲ ಹೊತ್ತು ಆಗಿದ್ದು ಅಂದುಕೊಂಡು ಕೊಬ್ಬರಿ ಎಣ್ಣೆ ತಿಕ್ಕಿದ್ದಳು. ಉಪ್ಪಿಗೆ, ಮೀನಿನ ಮುಳ್ಳಿಗೆ ಆಗಿದ್ದು ಅಂತ ಗೊತ್ತಿರಲಿಲ್ಲ.

"ನಿನ್ನ ಹೆಂಡತಿಗೆ ಹೇಳು, ಸಮುದ್ರದಲ್ಲೇ ಇಲ್ಲ ಹೇಳಿ ಹೇಳು ಅಂದೆ ನಾನು," ಗಣಪಿ ಅಂದಳು. "ಅದಕ್ಕೆ ಅವ ಎಂತ ಹೇಳ್ದ ಗೊತ್ತಾ? ಆಕಿ ಮಂದಿ ಮುಂದ ಎಣಿಸಿ ಕೊಡತಾಳ ಬಾಯಿ, ಸಣ್ಣ ಮೀನ ಎಣಿಸಿದ್ರ ಆಕಿ ಮಾರಿ ಸಣ್ಣದಾಕ್ಕೈತಿ ಅಂದ."

ಅವನ ಮಾತನ್ನು ಅವನ ಹಾಗೆಯೇ ಆಡಿ ತೋರಿಸಿದಳು. ಬಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹಣಮಂತಪ್ಪ ನೆಲ ನೋಡಿದ. ನೆಲ ನೋಡುತ್ತಲೇ ಕೇಳಿದ.

"ಯಾಕ ಹಂಗಾತು ಬಾಯಿ? ಮೀನಿಗೆ ಏನ ರೋಗ ಬಂತು?"

"ರೋಗ ಅಲ್ಲ. ಸಮುದ್ರ ಬಿಸಿ ಆಗದೆ."

"ಸಮುದ್ರ ಏನ ನೀರ ಕಾಸೂ ಹಂಡೇನ?" ಲಗಮವ್ವ ಸಿಟ್ಟಿನಿಂದಲೇ ಅಂದಳು. ಸಿಟ್ಟು ಯಾರ ಮೇಲೆ ಅಂತ ಅವಳಿಗೆ ಗೊತ್ತಿರಲಿಲ್ಲ.

"ನಾನೂ ಮೊದಲು ಹಾಂಗೇ ನಕ್ಕಿದ್ದೆ. ಸರ್ಕಾರದವರು ಬಂದಿದ್ರು, ಮೀನಿನ ಬಗ್ಗೆ ಓದಿದವರು. ಮೀನು ಅಳೆದ್ರು, ಹೊಟ್ಟೆ ಸೀಳಿ ನೋಡಿದ್ರು. ಅವರು ಹೇಳಿದ್ದು, ನನ್ನ ಮಗ ದೋಣಿ ಮೇಲೆ ಕಂಡದ್ದು, ಎರಡೂ ಒಂದೇ ಆಯ್ತು. ಕೈ ಹಾಕಿದ್ರೆ ಸುಡೂದಿಲ್ಲ, ಅಷ್ಟಲ್ಲ. ನಮಗೆ ಒಂದು ಚೂರು ಬೆಚ್ಚಗೆ ಅಷ್ಟೆ. ಮೀನಿಗೆ ಆ ಚೂರೇ ದೊಡ್ಡದು. ನಿಂಗೆ ಜ್ವರ ಬಂದ್ರೆ ಒಂದು ಚೂರೇ ಅಲ್ದಾ ಏರೂದು? ಊಟ ಸೇರ್ತದಾ?"

"ಇಲ್ಲ."

"ಹಾಂ. ತಾರ್ಲಿ ಊಟ ಅಂದ್ರೆ ನೀರಲ್ಲಿ ಹಸಿರು ಕದಡಿದ ಹಾಂಗೆ ಇರ್ತದೆ. ತಳದಿಂದ ತಂಪು ನೀರು ಮೇಲೆ ಬಂದ್ರೆ ಅದು ಬೆಳೀತದೆ. ಮೇಲಿನ ನೀರು ಕಾದು ಕೂತ್ರೆ ಕೆಳಗಿನ ತಂಪು ಮೇಲೆ ಬರೂದಿಲ್ಲ. ಹಾಲಿನ ಮೇಲೆ ಕೆನೆ ಕೂತ ಹಾಂಗೆ. ಮೀನಿಗೆ ಹೊಟ್ಟೆಗಿಲ್ಲ. ಹೊಟ್ಟೆಗಿಲ್ಲದ ಮೇಲೆ ಎಣ್ಣೆ ಎಲ್ಲಿಂದ? ತ್ರಾಣ ಇದ್ದದ್ದು ತಂಪು ಹುಡುಕ್ಕೊಂಡು ಆಳಕ್ಕೆ ಹೋಯ್ತು, ಉತ್ತರಕ್ಕೆ ಹೋಯ್ತು. ಇಲ್ಲದ್ದು ನಮ್ಮ ಬಲೆಗೆ ಬಂತು."

"ಬಲೆಗೆ ಮತ್ತೇನ ಬರತೈತಿ?" ಬಾಯವ್ವ ಕೇಳಿದಳು.

"ಲೋಳೆ. ಅಂಬಲಿ ಹೆಪ್ಪುಗಟ್ಟಿದ ಹಾಂಗೆ ಒಂದು ಪ್ರಾಣಿ. ಕಣ್ಣಿಲ್ಲ, ಎಲುಬಿಲ್ಲ, ಮುಟ್ಟಿದ್ರೆ ಉರಿ. ಮೊದಲೂ ಇತ್ತು, ಈಗ ಬಲೆ ಹರಿಯುವಷ್ಟು ಬತ್ತದೆ. ನನ್ನ ಮಗನ ಕೈ ಬಾತು ನಾಕು ದಿನ ಅನ್ನ ಕಲಸೂಕೆ ಬರಲಿಲ್ಲ. ಅದಕ್ಕೆ ಬಿಸಿ ಅಡ್ಡಿಲ್ಲ. ಅದು ಸುಖವಾಗಿ ಅದೆ."

ಗಣಪಿ ಮಾತಿನ ಓಟಕ್ಕೆ ಬಿದ್ದಿದ್ದಳು. ಘಟ್ಟ ಹತ್ತಿ ಬಂದ ಸಿಟ್ಟೆಲ್ಲ ಮಾತಾಗಿ ಬರುತ್ತಿತ್ತು. ಆಮೆಗಳ ಸಂಗತಿ ಹೇಳಿದಳು. ಚಳಿಗಾಲದಲ್ಲಿ ಕಡಲಾಮೆಗಳು ಅವಳ ದಂಡೆಗೆ ಬಂದು, ಉಸುಕನ್ನು, ಅವಳ ಮಾತಿನಲ್ಲಿ ಹೊಯಿಗೆಯನ್ನು, ತೋಡಿ, ತತ್ತಿ ಇಟ್ಟು ಹೋಗುತ್ತವೆ. ಅರಣ್ಯ ಇಲಾಖೆಯವರು ಈಗ ಆ ತತ್ತಿಗಳ ಮೇಲೆ ನೆರಳು ಕಟ್ಟುತ್ತಾರೆ. ಯಾಕೆಂದು ಕೇಳಿದರೆ, ಉಸುಕು ಹೆಚ್ಚು ಕಾದರೆ ತತ್ತಿಯಿಂದ ಬರುವುದೆಲ್ಲ ಹೆಣ್ಣೇ ಅಂತೆ. ತಂಪಿದ್ದರೆ ಗಂಡು.

"ಎಲ್ಲಾ ಹೆಣ್ಣ?" ಬಾಯವ್ವ ಅಂದಳು. "ಹಂಗಾರ ಮುಂದ ಹೆಂಗ?"

"ಮುಂದೆ ಎಂತದು. ಗಂಡು ಹುಡುಕ್ಕೊಂಡು ಸಮುದ್ರ ತುಂಬ ತಿರುಗೂದು."

"ನಮ್ಮ ಓಣ್ಯಾಗ ಗಂಡಸರು ಇದ್ದೂ ಹುಡುಕಬೇಕು. ಸಂಜೀಕ ಯಾವ ಕಟ್ಟಿ ಮ್ಯಾಲ ಅದಾರೋ."

ಹಣಮಂತಪ್ಪನೂ ನಕ್ಕ. ಲಗಮವ್ವ ನಗಲಿಲ್ಲ. ಅವಳು ಮೀನಿನ ರಾಶಿಯನ್ನು ನೋಡುತ್ತಿದ್ದಳು.

"ಉಸುಕು ಕಾದೈತಿ ಅಂತ ತಾಯಿ ಆಮಿಗೆ ತಿಳಿಯೂದಿಲ್ಲೇನ?" ಕೇಳಿದಳು. "ಬ್ಯಾರೆ ಕಡೆ ಹೋಗಿ ಇಡಬೇಕು."

"ತಿಳಿದ್ರೂ ಎಲ್ಲಿಗೆ ಹೋಗ್ತದೆ? ತಾ ಹುಟ್ಟಿದ ದಂಡೆಯ ಬದಿಗೇ ಬತ್ತದೆ ಅಂತಾರೆ. ಸಮುದ್ರ ಅಷ್ಟು ದೊಡ್ಡದದೆ, ಅದಕ್ಕೆ ಅದೇ ಹೊಯಿಗೆ ಬೇಕು."

 ಆಚೆ ಉಳ್ಳಾಗಡ್ಡಿಯವನು ಕೂಗುತ್ತಿದ್ದ. ಲಗಮವ್ವ ಕೊನೆಗೆ ತನ್ನ ಹೊಟ್ಟೆಯಲ್ಲಿದ್ದ ಇನ್ನೊಂದನ್ನೂ ಹೊರಗೆ ಹಾಕಿದಳು.

"ಎಲ್ಲಾ ಖರೇ ಇರಲಿ. ಅವರು ಹ್ವಾದಾಗ ನೀ ಮಾತಾಡಸಾಕ ಬರಲಿಲ್ಲ."

 ಗಣಪಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಇಷ್ಟು ಹೊತ್ತು ಗಂಡಸಿನಂತೆ ಮಾತಾಡಿದವಳ ದನಿ ಇಳಿಯಿತು.

"ಗುರುನಾಥ ಬಂದು ಹೇಳ್ದ ದಿನವೇ ಹೊರಟಿದ್ದೆ. ಬರಿಗೈಲಿ ಹ್ಯಾಂಗೆ ಬರೂದು? ಅವ ಅಷ್ಟು ಆಸೆಯಿಂದ ಆರಿಸ್ತಿದ್ದ ಮೀನು, ಅವನ ಎಡೆಗೆ ಒಂದು ನಾಕಾದ್ರೂ ದಪ್ಪದ್ದು ಇಡಬೇಕು ಹೇಳಿ ಕಂಡ್ತು. ಮಳೆ ಮುಗೀಲಿ, ದೋಣಿ ಇಳೀಲಿ, ಒಳ್ಳೆ ಮೀನು ಬಂದ ದಿನ ತಕೊಂಡು ಹೋಗುವಾ ಅಂತ ಕೂತೆ. ದೋಣಿ ಇಳೀತು. ದಿನಾ ನೋಡ್ದೆ. ಮೀನು ಬರಲೇ ಇಲ್ಲ ಲಗಮಕ್ಕ. ಅದು ಬರಲಿಲ್ಲ ಹೇಳಿ ನಾನೂ ಬರಲಿಲ್ಲ."

ಸಂತೆಯ ನಡುವೆ ಅಳಬಾರದು. ಅತ್ತರು. ಸತ್ತ ಮನೆಯ ಬಾಗಿಲಲ್ಲಿ ಬಂದವರು ಕೊರಳಿಗೆ ಕೈ ಹಾಕಿ ಅಳುತ್ತಾರಲ್ಲ, ಹಾಗೆ, ಮೀನಿನ ರಾಶಿಯ ಮೇಲೆ ಬಗ್ಗಿ, ಒಬ್ಬರ ಕೊರಳಿಗೆ ಒಬ್ಬರು ಕೈ ಹಾಕಿ ಅತ್ತರು. ಮಂದಿ ನೋಡಿ ಸರಿದು ಹೋದರು. ಬಾಯವ್ವ ತನ್ನ ಗಿರಾಕಿಯನ್ನು "ಆಮ್ಯಾಲ ಬರ್ರಿ" ಎಂದು ಕಳಿಸಿಬಿಟ್ಟಳು.

ಆ ದಿನ ಲಗಮವ್ವ ಬೇಗ ತಾಡಪತ್ರಿ ಮಡಚಿದಳು. ಗಣಪಿಯನ್ನು ಮನೆಗೆ ಕರೆದೊಯ್ದಳು. ರೊಟ್ಟಿ ಬಡಿದಳು. ಹಂಚಿನ ಮೇಲೆ ಆ ಸಣ್ಣ ತಾರ್ಲಿಗಳನ್ನು ಇಡುವ ಮೊದಲು ಎಣ್ಣೆಯ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಮದುವೆಯಾಗಿ ಬಂದ ಮೇಲೆ ತಾರ್ಲಿಗೆ ಎಣ್ಣೆ ಹಾಕಿದ್ದೇ ಇಲ್ಲ. ಎಷ್ಟು ಹಾಕಬೇಕು ಅಂತಲೂ ಗೊತ್ತಿರಲಿಲ್ಲ. ಸ್ವಲ್ಪ ಹಾಕಿದಳು, ಸಾಲಲಿಲ್ಲ, ಮತ್ತೆ ಸ್ವಲ್ಪ ಹಾಕಿದಳು. ಮೊದಲ ನಾಲ್ಕನ್ನು ರೊಟ್ಟಿಯ ಮೇಲಿಟ್ಟು ಶಟ್ಟೆಪ್ಪನ ಫೋಟೋದ ಮುಂದೆ ಇಟ್ಟಳು. ಗಣಪಿ ಫೋಟೋ ನೋಡಿ, "ಇದರಲ್ಲಿ ತೆಳ್ಳಗೆ ಕಾಣ್ತ" ಅಂದಳು.

ಊಟ ಮಾಡುವಾಗ ಗಣಪಿ ಒಂದು ಮಾತು ತೆಗೆದಳು. "ನೀನು ಒಂದ್ಸಲ ಬಾ. ನನ್ನ ಅಂಗಳದಲ್ಲಿ ಕೂತು ಆರಿಸು. ಇಬ್ಬರೂ ಕೂತು ಆರಿಸುವಾ. ಒಂದು ಬುಟ್ಟಿಯಷ್ಟು ಸಿಕ್ಕೇ ಸಿಕ್ತದೆ. ನಿನ್ನ ಗಿರಾಕಿ ನಿಲ್ತಾರೆ."

ಲಗಮವ್ವ ಬಾಯಲ್ಲಿದ್ದ ತುತ್ತು ನುಂಗುವ ತನಕ ಯೋಚಿಸಿದಳು. ಹೋದರೆ ಸಮುದ್ರ ನೋಡಬಹುದು. ಅವನು ಕೂತ ಜಾಗ ನೋಡಬಹುದು. ಅದಕ್ಕೆ ಮನಸ್ಸು ಎಳೆಯಿತು. ಆದರೆ ಆರಿಸುವುದು ಬೇರೆ.

"ಸಮುದ್ರ ನೋಡಾಕ ಬರತೇನಿ," ಅಂದಳು. "ಆರಸಾಕ ಬರೂದಿಲ್ಲ. ಅವರು ಆರಿಸಿ ಆರಿಸಿ ತಂದು ಮಂದಿಗೆ ದೊಡ್ಡ ಮೀನ ತಿನಿಸಿದ್ರು. ಸಮುದ್ರದಾಗ ಏನಾಗೈತಿ ಅಂತ ನಮ್ಮ ಸಂತ್ಯಾಗ ಒಬ್ಬರಿಗೂ ತಿಳೀಲಿಲ್ಲ. ನನಗ ತಿಳೀಲಿಲ್ಲ. ಈಗ ನಾ ಆರಿಸಿದ್ರ ಇನ್ನೊಂದು ವರ್ಷ ತಿಳಿಯೂದಿಲ್ಲ. ಏನ ಬರತೈತಿ ಅದನ್ನ ಬಂದಂಗ ಕಳಸ. ಏನೂ ಬರದಿದ್ರ, ಬರಲಿಲ್ಲ ಅಂತ ಹೇಳಿ ಕಳಸ."

"ಗಿರಾಕಿ ಹೋದ್ರೆ?"

"ಹೋಗತಾರ."

ಮರುದಿನ ಬೆಳಿಗ್ಗೆ ಗಣಪಿಯನ್ನು ಬಸ್ಸಿಗೆ ಹತ್ತಿಸಿ ಬಂದಳು. ಚೀಲ ಮತ್ತು ಮೀನು ಇಲ್ಲೇ ಉಳಿದವು.

ಮುಂದಿನ ಸಂತೆಯಲ್ಲಿ ಲಗಮವ್ವ ತಾರ್ಲಿಯನ್ನು ಮುಂದಕ್ಕೆ ರಾಶಿ ಹಾಕಿ ಕೂತಳು. ಬಾಯವ್ವನ ಹತ್ತಿರ ಹೋಗಿ, ಮೆಣಸಿನ ಬೀಜ ಅಳೆಯುವ ಪಾವು ಕೇಳಿದಳು.

"ಯಾಕ ಬೇ? ನಿನ್ನ ಮಾಲು ಎಣಿಸೂದಲ್ಲ?"

"ಎಣಿಸಿ ಕೊಡೂ ಮೀನ ಅಲ್ಲ ಇದು. ಅಳದು ಕೊಡಬೇಕು."

ಪಾವನ್ನು ಚೆನ್ನಾಗಿ ಒರೆಸಿದಳು. ಆದರೂ ಖಾರದ ಘಾಟು ಹೋಗಲಿಲ್ಲ. ಬಂದವರಿಗೆಲ್ಲ ಮೊದಲೇ ಹೇಳಿದಳು. ಇದು ಸಣ್ಣದು. ಎಣ್ಣೆ ಬಿಡುವುದಿಲ್ಲ. ಮೊದಲು ನೀವು ತಿಂದದ್ದು ನನ್ನ ಗಂಡ ದಂಡೆಯಲ್ಲಿ ಕೂತು ಒಂದೊಂದೇ ಆರಿಸಿ ತಂದದ್ದು. ಅಂಥವು ಅಲ್ಲಿ ಈಗ ಇಲ್ಲ, ಸಮುದ್ರ ಬಿಸಿಯಾಗಿದೆ. ಕೆಲವರು ನಂಬಲಿಲ್ಲ. ಒಬ್ಬ, ಸಮುದ್ರದ ಸುದ್ದಿ ನಿನಗೆ ಹೇಗೆ ಗೊತ್ತು, ನೋಡಿದ್ದೀಯಾ ಅಂದ. ಇಲ್ಲ ಅಂದಳು. ಇಬ್ಬರು ಮೂವರು ರಾಶಿಗೆ ಕೈಯಾಡಿಸಿ ಹಾಗೆಯೇ ಸುಕಟಿನವನ ಕಡೆ ನಡೆದರು. ಅವಳು ಕರೆಯಲಿಲ್ಲ.

ಬಿಸಿಲು ಇಳಿದಾಗ ಪ್ರಜ್ಞಾಳ ಫೋನು ಬಂತು. "ಕುಂತೇನಿ, ಆಮ್ಯಾಲ ಮಾಡ" ಎಂದು ಇಟ್ಟಳು. ಎದುರಿಗೆ ಹಣಮಂತಪ್ಪ ನಿಂತಿದ್ದ. ಈ ಸಲ ಬಾಲ ಹಿಡಿದು ಎತ್ತಲಿಲ್ಲ, ಚೀಲ ಹಿಡಿದು ಬಾಯಿ ತೆರೆದ.

"ಒಂದು ಪಾವು ಹಾಕು. ಹಂಚಿಗೆ ಹತ್ತಲಾರದಂಗ ಹೆಂಗ ಹುರೀಬೇಕು ಹೇಳು."

"ಎಣ್ಣಿ ಹಾಕು."

"ಎಷ್ಟು?"

"ನನಗೂ ಇನ್ನೂ ಸರಿ ಬಂದಿಲ್ಲ. ಒಂದು ಚಮಚ ಹಾಕಿ ನೋಡು. ಸಾಲದಿದ್ರ ಮತ್ತ ಹಾಕು."

ಪಾವಿನ ತುಂಬ ತುಂಬಿ, ಮೇಲೆ ಗೋಪುರವಾಗುವ ತನಕ ಪೇರಿಸಿ, ಅವನ ಚೀಲಕ್ಕೆ ಸುರಿದಳು.